ಹಸಿರು ಪೆನ್ಸಿಲ್ಲಿನ ಸಹಿ

ಬೆಟಗೇರಿ
೩ ಜೂನ್ ೨೦೨೪

ಪುಂಡಲೀಕಪ್ಪ ಕಾಕಾ ಅವರಿಗೆ ಶಿವಲಕ್ಷ್ಮಿಯ ನಮಸ್ಕಾರ.

ಮೆಷಿನ್ನಿನ ಪಕ್ಕ ನಲವತ್ತು ವರ್ಷ ಕುಳಿತು ನಿಮ್ಮ ಕಿವಿ ಹೋದ ಮೇಲೆ ಫೋನು ನಿಮಗೆ ಸಿಳ್ಳೆ ಹೊಡೆಯುವ ಡಬ್ಬಿ. ನಿಮ್ಮ ಮಗಳು ಮಂಜುಳಕ್ಕನಿಗೆ ಫೋನು ಮಾಡಿ ನಿಮಗೆ ಮುಟ್ಟಿಸಬಹುದಿತ್ತು. ಆದರೆ ಬಾಯಿ ಬದಲಾದರೆ ಮಾತು ಬದಲಾಗುತ್ತದೆ ಎಂದು ಪ್ರೆಸ್ಸಿನಲ್ಲಿ ಒಂಬತ್ತು ವರ್ಷ ನನ್ನ ಪಕ್ಕ ಕೂತು ಹೇಳಿದವರು ನೀವೇ. ಹಾಗಾಗಿ ಈ ಕಾಗದ.

ನೀವು ಕೆಲಸ ಬಿಟ್ಟು ಮಗಳ ಮನೆಗೆ ಹೋದ ಮೇಲೆ ಪ್ರೆಸ್ಸು ಪ್ರೆಸ್ಸಾಗಿ ಉಳಿದಿಲ್ಲ. ಮಾಲೀಕ ದುರ್ಗೇಶ ಬಾಯಿ ತುಂಬ ಗುಟ್ಕಾ ಇಟ್ಟುಕೊಂಡು ಬರುತ್ತಾನೆ, ಬೆರಳನ್ನು ನಾಲಿಗೆಗೆ ಒರೆಸಿ ಪ್ರೂಫಿನ ಹಾಳೆ ತಿರುವುತ್ತಾನೆ. ಪ್ರತಿ ಹಾಳೆಯ ಮೂಲೆಯಲ್ಲೂ ಅವನ ಕೆಂಪು ಬೆರಳು. ಅದರ ಮೇಲೇ ನಾನು ಓದಿದ ಗುರುತಿಗೆ ಹಸಿರು ಪೆನ್ಸಿಲ್ಲಿನಲ್ಲಿ ನನ್ನ 'ಶಿ' ಹಾಕಬೇಕು. ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಕೈಗೆ ಅದೇ ವಾಸನೆ. ರೊಟ್ಟಿ ಹಾಗೇ ಮುಚ್ಚಿಡುತ್ತೇನೆ.

ಈಗ ಬಂದಿರುವ ಕೆಲಸ ಅದಕ್ಕಿಂತ ಹೊಲಸು. ಡಚ್ ಭಾಷೆಯ ಪದಗಳು. ಆ ಜನ ಎರಡು ಮೂರು ಪದ ಹಿಡಿದು, ನಡುವೆ ಜಾಗ ಬಿಡದೆ ಅಂಟಿಸಿ ಒಂದೇ ಪದ ಮಾಡುತ್ತಾರೆ. ನೋಡಿದರೆ ಮೈಮೇಲೆ ಜರಿಹುಳ ಹರಿದಂತಾಗುತ್ತದೆ. ಆ ಪದವನ್ನು ಉಚ್ಚಾರದ ತುಂಡುಗಳಾಗಿ ಬಿಡಿಸಿ, ನಡುನಡುವೆ ಚುಕ್ಕಿ ಇಡಬೇಕು. ಲಕ್ವಾ ಹೊಡೆದು ಮಾತು ಕಳೆದುಕೊಂಡವರು ಆ ದೇಶದಲ್ಲಿ ತುಂಡು ತುಂಡಾಗಿ ಮತ್ತೆ ಓದಲು ಕಲಿಯುವ ಪುಸ್ತಕವಂತೆ. ಮೊದಲು ಕಂಪ್ಯೂಟರ್ ಬಿಡಿಸುತ್ತದೆ. ಅದರ ತಪ್ಪನ್ನು ನಾನು, ನನ್ನ ಜೊತೆ ಪ್ರೂಫು ನೋಡುವ ಜನ್ನತಬಿ ಇಬ್ಬರೂ ಹಿಡಿಯಬೇಕು. ಹಾಳೆಗೆ ಅರವತ್ತು ಪದ, ಒಟ್ಟು ಮುನ್ನೂರ ನಲವತ್ತು ಹಾಳೆ.

ಮೊದಲ ಹತ್ತು ಹಾಳೆ ಅಲ್ಲಿಂದ ವಾಪಸು ಬಂದವು. ಕನ್ನಡದಲ್ಲಿ ಸಾಲಿನ ಕೊನೆಗೆ ಪದ ಒಡೆಯುವ ರೂಢಿಯಂತೆ, ಪ್ರತಿ ತುಂಡನ್ನೂ ಸ್ವರಕ್ಕೆ ಮುಗಿಸಿ ಉಳಿದದ್ದನ್ನೆಲ್ಲ ಮುಂದಕ್ಕೆ ತಳ್ಳಿದ್ದೆ. ಕಂಪ್ಯೂಟರ್ ಸರಿ ಮಾಡಿದ್ದನ್ನೂ ತಿದ್ದಿ ಕೆಡಿಸಿದ್ದೆ. 'ಹೌಸ್' ಎಂದರೆ ಮನೆ, 'ಆರ್ಟ್ಸ್' ಎಂದರೆ ವೈದ್ಯ, ಎರಡೂ ಕೂಡಿ 'ಹೌಸಾರ್ಟ್ಸ್', ಮನೆಯ ವೈದ್ಯ. ನಾನು ಅದನ್ನು ಹೌ ಎಂದು ಒಂದು ಕಡೆ, ಸಾರ್ಟ್ಸ್ ಎಂದು ಒಂದು ಕಡೆ ಮಾಡಿ ಮನೆಯನ್ನೂ ಕೆಡಿಸಿದೆ, ವೈದ್ಯನನ್ನೂ ಕೆಡಿಸಿದೆ. ನೀವು ಒಮ್ಮೆ ಯಾವುದೋ ವಿದೇಶಿ ಹೆಂಗಸಿನ ಪುಸ್ತಕಕ್ಕೆ ಅಚ್ಚುಮೊಳೆ ಜೋಡಿಸಿದ್ದೆ ಅನ್ನುತ್ತಿದ್ದಿರಲ್ಲ, ಅದು ಇದೇ ಭಾಷೆಯೇ? ಉಪಾಯ ಬರೆಯಿರಿ. ಇಲ್ಲದಿದ್ದರೆ ಹಸಿರು ಪೆನ್ಸಿಲ್ಲು ದುರ್ಗೇಶನ ಗುಟ್ಕಾ ಚೀಟಿಯ ಪಕ್ಕ ಇಟ್ಟು ಬಂದುಬಿಡುತ್ತೇನೆ.

ನಿಮ್ಮ
ಶಿವಲಕ್ಷ್ಮಿ


ಶಿಗ್ಲಿ
೯ ಜೂನ್ ೨೦೨೪

ಚಿ. ಶಿವಲಕ್ಷ್ಮಿಗೆ ಆಶೀರ್ವಾದ.

ನಿನ್ನ ಕಾಗದದಲ್ಲಿ ಬೈಗುಳ ಹೆಚ್ಚು, ಪ್ರಶ್ನೆ ಕಡಿಮೆ. ಆದರೂ ನಕ್ಕೆ. ನಕ್ಕದ್ದಕ್ಕೆ ಮಂಜುಳಾ ಓಡಿ ಬಂದು ಏನಾಯಿತು ಎಂದು ಕೇಳಿದಳು. ಈ ಮನೆಯಲ್ಲಿ ನಾನು ಕೆಮ್ಮಿದರೂ ಒಂದು ವಿಚಾರಣೆ.

ಹೌದು, ಅದೇ ಭಾಷೆ. ಎಂಬತ್ತಾರರಲ್ಲಿ ಆ ಹೆಂಗಸು ಬೆಟಗೇರಿಯ ಮಗ್ಗಗಳನ್ನು ನೋಡಿ ಬರೆಯಲು ಬಂದಿದ್ದಳು. ನಲವತ್ತು ಪುಟದ ಪುಸ್ತಕ. ಮೊದಲ ಆರು ಪುಟ ನಾನೂ ನಿನ್ನ ಹಾಗೆಯೇ ಸಾಲು ಒಡೆದೆ. ನಮ್ಮವರು ಯಾರೇ ಆದರೂ ಹಾಗೇ ಮಾಡುತ್ತಾರೆ, ಒತ್ತಕ್ಷರ ಒಡೆದರೆ ಪಾಪ ಬರುತ್ತದೆ ಎಂದು ಕಲಿತ ಕೈ ಅದು. ಅವಳು ಪ್ರೂಫು ಓದಿ ಪ್ರೆಸ್ಸಿನ ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತಳು. ಆಮೇಲೆ ನನ್ನನ್ನು ಮಗ್ಗದ ಮನೆಗೆ ಕರೆದುಕೊಂಡು ಹೋಗಿ ಸೀರೆಯ ಮೇಲೆ ಬೆರಳಿಟ್ಟು ತೋರಿಸಿದಳು.

ನೀನೂ ನೋಡಿದ್ದೀ. ಸೀರೆಯ ಮೈಗೆ ಉದ್ದದ ಎಳೆಗಳ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಉಟ್ಟಾಗ ಒಂದೇ ಸೀರೆ, ಆದರೆ ಕೈಯಾಡಿಸಿದರೆ ಕೊಂಡಿ ಸಿಗುತ್ತದೆ. ಅವರ ಉದ್ದನೆಯ ಪದವೂ ಅಷ್ಟೇ. ಮೊದಲು ಕೊಂಡಿ ಹುಡುಕು. ಅಲ್ಲಿ ಬಿಡಿಸು. ಆಮೇಲೆ ಒಳಗಿನ ತುಂಡು. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ತುಂಡಿಗೆ. ಎರಡಿದ್ದರೆ ಸಾಮಾನ್ಯವಾಗಿ ಒಂದು ಇತ್ತ, ಒಂದು ಅತ್ತ. ಇನ್ನು ಕೊಂಡಿಯ ಜಾಗದಲ್ಲಿ ಅವರು ಕೆಲವೊಮ್ಮೆ ಒಂದು 'ಸ್' ಸೇರಿಸುತ್ತಾರೆ. 'ಡೋರ್ಪ್' ಎಂದರೆ ಹಳ್ಳಿ, 'ವೆಖ್' ಎಂದರೆ ದಾರಿ, ಕೂಡಿದರೆ 'ಡೋರ್ಪ್ಸ್‌ವೆಖ್'. ಆ 'ಸ್' ಹಳ್ಳಿಯ ಪಾಲು, ದಾರಿಯದಲ್ಲ. ಬಿಡಿ ಪದಗಳ ಪಟ್ಟಿ ಕೊಟ್ಟಿರುತ್ತಾರೆ, ಅದನ್ನು ಪಕ್ಕಕ್ಕಿಟ್ಟುಕೋ. ಭಾಷೆ ಬಾರದಿದ್ದರೂ ಕೊಂಡಿ ಸಿಗುತ್ತದೆ.

ಉಳಿದದ್ದು ನಿನಗೆ ಗೊತ್ತು. ಓದದ ಹಾಳೆಗೆ ಹಸಿರು ಪೆನ್ಸಿಲ್ಲು ಮುಟ್ಟಿಸಬಾರದು. ತಪ್ಪು ಹಿಡಿದವರಿಗೆ ತಪ್ಪು ಮಾಡಿದವರು ಮಿರ್ಚಿ ಕೊಡಿಸಬೇಕು. ಆ ಹತ್ತು ಹಾಳೆಗೆ ನೀನು ಆ ದೇಶದವರಿಗೆ ಎಷ್ಟು ಪ್ಲೇಟು ಬಾಕಿ, ಲೆಕ್ಕ ಹಾಕು.

ನಾನೂ ಒಮ್ಮೆ ಓದದೆ ಸಹಿ ಹಾಕಿದ್ದೇನೆ. ಅದನ್ನು ಕಾಗದದಲ್ಲಿ ಬರೆಯಲಾರೆ. ನೀನು ಬಂದಾಗ ಹೇಳುತ್ತೇನೆ.

ಪುಂಡಲೀಕಪ್ಪ


ಬೆಟಗೇರಿ
೨ ಜುಲೈ ೨೦೨೪

ಕಾಕಾ ಅವರಿಗೆ ನಮಸ್ಕಾರ.

ನಿಮ್ಮ ಕೊಂಡಿಯ ಉಪಾಯ ಫಲಿಸಿತು ಎಂದು ಎರಡು ಕಾರ್ಡು ಬರೆದೆ. ಉತ್ತರವಿಲ್ಲ. ಮುನಿಸೇ? ಅಥವಾ ಮಂಜುಳಕ್ಕನ ವಿಚಾರಣೆ ಇನ್ನೂ ಮುಗಿದಿಲ್ಲವೇ?

ಇನ್ನೂರು ಹಾಳೆ ಮುಗಿದಿವೆ. ಒಂದೂ ವಾಪಸು ಬಂದಿಲ್ಲ. ಈಗ ಜರಿಹುಳದ ಕಾಲು ಯಾವುದು, ಮೈ ಯಾವುದು ಎಂದು ತಿಳಿಯುತ್ತದೆ. ಆಸ್ಪತ್ರೆಗೆ ಅವರು ರೋಗಿಗಳ ಮನೆ ಅನ್ನುತ್ತಾರೆ, ಟವೆಲ್ಲಿಗೆ ಕೈಬಟ್ಟೆ. ಒಂದೊಂದು ಸಲ ಖುಷಿಯೂ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ದುರ್ಗೇಶ ಖುಷಿಯನ್ನೂ ನೆಕ್ಕಿ ಹೊಲಸು ಮಾಡುತ್ತಾನೆ. ಈ ತಿಂಗಳೊಳಗೆ ಎಲ್ಲ ಹೋಗಬೇಕಂತೆ. ನಿನ್ನೆ ಉಳಿದ ನೂರ ನಲವತ್ತು ಹಾಳೆಗಳ ಕಟ್ಟನ್ನು ನನ್ನ ಮುಂದೆ ಇಟ್ಟು, "ಮಷೀನ ನೋಡೇತಿ, ನೀ ಬರೇ ಸಹಿ ಹಾಕಿ ಒಗಿ. ಅಲ್ಲಿ ಕುಂತಾವ್ರು ಬಂದು ನಿನ್ನ ಕೇಳ್ತಾರನು?" ಅಂದ. ಹೇಳುವಾಗ ಎರಡು ಕೆಂಪು ಹನಿ ಹಾಳೆಯ ಮೇಲೆ ಬಿದ್ದವು. ಅಂಗೈಯಿಂದ ಒರೆಸಿ, ಆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಅರ್ಧ ಕಟ್ಟು ಜನ್ನತಬಿಯದು. ಅವಳು ತನ್ನ ಪಾಲನ್ನು ಮೇಜಿನ ಮೇಲೆ ಹಾಗೇ ಬಿಟ್ಟಳು. "ನಾ ಓದಿಲ್ಲ ಅಕ್ಕಾ. ಓದದ್ದಕ್ಕ ನನ್ನ ಹೆಸರ ಹಾಕೂದಿಲ್ಲ" ಎಂದಳು. ಅವಳಿಗೇನು, ಮದುವೆ ಗೊತ್ತಾಗಿದೆ, ಇನ್ನೆರಡು ತಿಂಗಳಿಗೆ ಕೆಲಸ ಬಿಡುತ್ತಾಳೆ. ನಾನು ಎಲ್ಲಿಗೆ ಹೋಗಲಿ? ಮೂವತ್ತಾರು ವರ್ಷ, ಒಂಟಿ ಹೆಂಗಸು, ಪ್ರೂಫು ನೋಡುವುದೊಂದು ಬಿಟ್ಟು ಬೇರೆ ವಿದ್ಯೆ ಬರುವುದಿಲ್ಲ.

ನೇರವಾಗಿ ಕೇಳುತ್ತೇನೆ. ಹಾಕಲೇ? ನೀವು ಬೇಡ ಎಂದರೆ ಹಾಕುವುದಿಲ್ಲ. ಏನಾದರೂ ಆಗಲಿ.

ಶಿವಲಕ್ಷ್ಮಿ


ಶಿಗ್ಲಿ
೧೦ ಜುಲೈ ೨೦೨೪

ಪ್ರೀತಿಯ ಶಿವಲಕ್ಷ್ಮಿಗೆ,

ನಿನ್ನ ಕಾಗದ ತಲುಪಿ ಬಹಳ ಸಂತೋಷವಾಯಿತು. ನನ್ನ ಬಲಗೈ ಬೆರಳು ಬಾಗಿಲಿಗೆ ಸಿಕ್ಕು ನೋವಾಗಿದೆ, ಆದ್ದರಿಂದ ನಾನು ಹೇಳಿದ್ದನ್ನು ಮಂಜುಳಾ ಬರೆಯುತ್ತಿದ್ದಾಳೆ. ಚಿಂತೆ ಮಾಡಬೇಡ. ಇಲ್ಲಿ ಮಳೆ ಚೆನ್ನಾಗಿದೆ, ಹೆಸರು ಬೆಳೆ ಎದ್ದಿದೆ. ಮನೆಯವರೆಲ್ಲ ಆರಾಮ.

ಸಹಿಯ ವಿಷಯ ಕೇಳಿದ್ದೀ. ಮಾಲೀಕರು ಹೇಳಿದ ಮೇಲೆ ಹಾಕು. ಸಣ್ಣ ವಿಷಯಕ್ಕೆ ಕೆಲಸ ಕಳೆದುಕೊಳ್ಳಬೇಡ. ಒಂಟಿ ಹೆಣ್ಣುಮಗಳು, ಹೊಂದಿಕೊಂಡು ಹೋಗಬೇಕು. ಆರೋಗ್ಯ ನೋಡಿಕೋ. ಸದ್ಯಕ್ಕೆ ಊರಿಗೆ ಬರುವುದು ಬೇಡ, ಮನೆಯಲ್ಲಿ ಬಣ್ಣ ಹಚ್ಚುವ ಕೆಲಸ ನಡೆದಿದೆ.

ನಿನ್ನ ಕಾಕಾ,
ಪುಂಡಲೀಕಪ್ಪ


ಬೆಟಗೇರಿ
೨೨ ಜುಲೈ ೨೦೨೪

ಕಾಕಾ,

ನೀವು ಹಾಕು ಎಂದಿರಿ, ನಾನು ಹಾಕಿದೆ. ನೂರ ನಲವತ್ತು ಹಾಳೆ, ಎರಡು ತಾಸು. ನನ್ನ ಪಾಲು ಮುಗಿಸಿ ಜನ್ನತಬಿಯ ಪಾಲಿಗೂ ಹಾಕಿದೆ. ಅವಳು ಎದುರಿಗೇ ಕೂತು ನೋಡುತ್ತಿದ್ದಳು. ಕೊನೆಕೊನೆಗೆ ನನ್ನ 'ಶಿ' ಶಿಯಂತೆ ಇರಲಿಲ್ಲ, ಯಾರೋ ಪೆನ್ಸಿಲ್ಲಿನ ಮೊನೆ ಒರೆಸಿದಂತೆ ಇತ್ತು. ದುರ್ಗೇಶ ಅಂದೇ ಕಳಿಸಿಬಿಟ್ಟ. ಎಲ್ಲರಿಗೂ ಗಿರ್ಮಿಟ್ಟು ತರಿಸಿದ. ತಿಂದೆ.

ಆಗಿದ್ದು ಆಗಿ ಹೋಯಿತು. ಬೆನ್ನ ಮೇಲಿನ ಮೂಟೆ ಇಳಿಯಿತು ಎಂದುಕೊಳ್ಳುತ್ತೇನೆ. ಯೋಚನೆ ಮಾಡಿದರೆ ಇದಕ್ಕೆಲ್ಲ ಅರ್ಥವೇ ಇಲ್ಲ. ಯಾರು ಓದುತ್ತಾರೆ ಇದನ್ನು? ಬಾಯಿ ಸೊಟ್ಟಗಾಗಿ ಜೊಲ್ಲು ಸುರಿಸುತ್ತ ಕುರ್ಚಿಯಲ್ಲಿ ಕೂತವರು. ಅವರಿಗೆ ಚುಕ್ಕಿ ಎಲ್ಲಿದ್ದರೇನು? ಮನೆಯನ್ನು ವೈದ್ಯನ ಮೇಲೆ ಹಾಕಿದರೂ ಗೊತ್ತಾಗುವುದಿಲ್ಲ. ಉಚ್ಚೆಯ ಚೀಲ ತಗುಲಿಸಿಕೊಂಡವರಿಗೆ ಉಚ್ಚಾರ ತಗೊಂಡು ಏನಾಗಬೇಕು ಎಂದು ದುರ್ಗೇಶ ನಕ್ಕ. ನಾನೂ ನಕ್ಕೆ.

ಆದರೂ ಒಂದು ಮಾತು. ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದುತ್ತೇನೆ. ಅದರಲ್ಲಿ ಒಂದು ಬೈಗುಳವೂ ಇಲ್ಲ. ಸಣ್ಣ ವಿಷಯ ಎಂದಿದ್ದೀರಿ. ಒಂಬತ್ತು ವರ್ಷದಲ್ಲಿ ನೀವು ಯಾವ ಹಾಳೆಯನ್ನೂ ಸಣ್ಣ ವಿಷಯ ಎಂದದ್ದು ನನಗೆ ನೆನಪಿಲ್ಲ. ವಯಸ್ಸಾದ ಮೇಲೆ ಎಲ್ಲರೂ ಮೆತ್ತಗಾಗುತ್ತಾರೇನೋ. ಬೆರಳು ವಾಸಿಯಾದ ಮೇಲೆ ನಿಮ್ಮ ಕೈಯಿಂದಲೇ ಎರಡು ಸಾಲು ಬರೆಯಿರಿ.

ಶಿವಲಕ್ಷ್ಮಿ


ಶಿಗ್ಲಿ
೧ ಆಗಸ್ಟ್ ೨೦೨೪

ಶಿವಲಕ್ಷ್ಮಿಗೆ ಮಂಜುಳಾ ಬರೆಯುವುದು.

ಈ ಸಲ ನನ್ನ ಹೆಸರಿನಲ್ಲೇ ಬರೆಯುತ್ತೇನೆ. ಹೋದ ಕಾಗದವೂ ನನ್ನದೇ. ಅಪ್ಪ ಹೇಳಿ ಬರೆಸಿದ್ದಲ್ಲ. ಅಪ್ಪನಿಗೆ ಹೇಳಲು ಬಾಯಿ ಇರಲಿಲ್ಲ.

ಜೂನ್ ಹದಿನಾಲ್ಕರ ಬೆಳಿಗ್ಗೆ ಗಡ್ಡ ಮಾಡಿಕೊಳ್ಳುತ್ತ ಬಿದ್ದರು. ಲಕ್ವಾ. ಬಲಗೈ, ಬಲಗಾಲು, ಮಾತು ಮೂರೂ ಒಮ್ಮೆಲೇ ಹೋದವು. ಮೊದಲು ಲಕ್ಷ್ಮೇಶ್ವರ, ಅಲ್ಲಿಂದ ಗದಗ. ನೀನಿರುವ ಊರಿನ ಮಗ್ಗುಲಲ್ಲೇ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆವು. ನಿನಗೆ ಹೇಳಲೇ ಎಂದು ಕೇಳಿದರೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಬಿಡಲೇ ಇಲ್ಲ. ಪ್ರೆಸ್ಸಿನವರು ತಮ್ಮನ್ನು ಹಾಗೆ ನೋಡುವುದು ಅವರಿಗೆ ಬೇಡವಾಗಿತ್ತು. ಹಾಗಾಗಿ ಬಾಗಿಲು, ಬೆರಳು, ಬಣ್ಣ ಎಂದು ಸುಳ್ಳು ಬರೆದೆ.

ನೀನು ಸಹಿ ಹಾಕಲೇ ಎಂದು ಕೇಳಿದ್ದು ನನಗೆ ಅರ್ಥವಾಗಲಿಲ್ಲ. ಸಹಿ ತಾನೇ, ಹಾಕು ಎಂದು ಬರೆದೆ. ಆ ಕಾಗದವನ್ನು ಅಪ್ಪನಿಗೆ ಓದಿಯೂ ಇರಲಿಲ್ಲ. ಅಷ್ಟು ನನ್ನ ತಪ್ಪು.

ಆದರೆ ಇಪ್ಪತ್ತೆರಡರ ಕಾಗದವನ್ನು ಓದಿದೆ. ನಿನ್ನ ಕಾಗದ ಕೇಳಿದರೆ ನಗುತ್ತಾರೆ ಎಂದು ಹಾಸಿಗೆಯ ಮೇಲೆ ಕೂರಿಸಿ, ರವೆಯ ಗಂಜಿ ಉಣಿಸುತ್ತ, ಎಡಗಿವಿಗೆ ಬಾಯಿಟ್ಟು ಗಟ್ಟಿಯಾಗಿ ಓದಿದೆ. ಜೊಲ್ಲು ಸುರಿಸುವವರು ಎಂದು ಬಂತಲ್ಲ, ಅಲ್ಲಿ ನಿಲ್ಲಿಸಿದೆ. ಅವರು ಎಡಗೈಯಿಂದ ಹಾಸಿಗೆ ಬಡಿದರು, ಮುಂದೆ ಓದು ಎಂದು. ಕೊನೆಯ ತನಕ ಓದಿಸಿದರು. ಉಚ್ಚೆಯ ಚೀಲದ್ದನ್ನೂ. ಅದು ಆಗ ಅವರ ಮಂಚಕ್ಕೇ ಕಟ್ಟಿತ್ತು.

ಆಮೇಲೆ ಗಂಜಿಯ ಬಟ್ಟಲನ್ನು ಕೈಯಿಂದ ತಳ್ಳಿದರು. ಮೋರೆಯೆಲ್ಲ ಕಿವುಚಿಕೊಂಡು, "ಹೇಸಿ" ಅಂದರು.

ನಲವತ್ತು ದಿನಕ್ಕೂ ಮೇಲಾಗಿತ್ತು, ಒಂದು ಶಬ್ದ ಬಂದಿರಲಿಲ್ಲ. ಮಾತು ಕಲಿಸುವವರು ಬಂದು ಅವ್ವ ಅನ್ನಿರಿ, ನೀರು ಅನ್ನಿರಿ, ನಿಮ್ಮ ಹೆಸರು ಹೇಳಿರಿ ಎಂದು ತಿಂಗಳಿಡೀ ತಲೆ ಒಡೆದುಕೊಂಡಿದ್ದರು. ಬಂದ ಮೊದಲ ಮಾತು ಇದು. ನಾನು ಅತ್ತುಬಿಟ್ಟೆ, ಓಣಿಯವರನ್ನೆಲ್ಲ ಕರೆದೆ, ಸಕ್ಕರೆ ಹಂಚಿದೆ. ಅದನ್ನು ಯಾರಿಗೆ ಅಂದರು ಎಂಬ ಯೋಚನೆ ಪಾತ್ರೆ ತೊಳೆಯುವಾಗ ಬಂತು. ಸುಳ್ಳು ಬರೆದ ನನಗೋ, ನಿನಗೋ, ಆ ಗಂಜಿಗೋ. ನೀನೇ ತಿಳಿದುಕೋ.

ದಿನಕ್ಕೆ ಇಪ್ಪತ್ತು ಸಲ ಅವರ ಬಾಯಿ ಒರೆಸುತ್ತೇನೆ. ನನಗೂ ಹೇಸಿಗೆ ಬರುತ್ತದೆ, ಇಲ್ಲ ಎಂದು ಹೇಳುವುದಿಲ್ಲ. ಬಂದರೂ ಒರೆಸುತ್ತೇನೆ. ನೀನು ನಕ್ಕೆಯಲ್ಲ, ಅದಕ್ಕೆ ಬಂದ ಹೇಸಿಗೆ ಮಾತ್ರ ಇನ್ನೂ ಹೋಗಿಲ್ಲ.

ಮಂಜುಳಾ


ಬೆಟಗೇರಿ
೩೦ ಆಗಸ್ಟ್ ೨೦೨೪

ಕಾಕಾ ಅವರಿಗೆ. ಮಂಜುಳಕ್ಕ ಇದನ್ನು ಪೂರ್ತಿ ಓದಿ ಹೇಳಬೇಕು, ಎಲ್ಲೂ ನಿಲ್ಲಿಸಬಾರದು.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಅದನ್ನೂ ಪ್ರೂಫು ನೋಡಿ ವಾಪಸು ಕಳಿಸುತ್ತೀರಿ. ಆಗಿದ್ದನ್ನಷ್ಟೇ ಬರೆಯುತ್ತೇನೆ.

ಮಂಜುಳಕ್ಕನ ಕಾಗದ ಬಂದ ದಿನ ಅದನ್ನು ಕೊನೆಯ ತನಕ ಎರಡು ಸಲ ಓದಿದೆ. ಎರಡು ತಿಂಗಳು ದುರ್ಗೇಶನ ಬೆರಳು, ದುರ್ಗೇಶನ ಬಾಯಿ ಎಂದು ಮೂಗು ಮುಚ್ಚಿಕೊಂಡು ತಿರುಗಿದೆ. ಆ ಹಾಳೆಗಳ ಮೇಲಿನ ಕೆಂಪು ಕಲೆಯನ್ನು ರಬ್ಬರಿನಿಂದ ಉಜ್ಜಿದರೆ ಅಷ್ಟಿಷ್ಟು ಹೋಗುತ್ತಿತ್ತು. ಹಸಿರು ಹಾಕಿದವಳು ನಾನು.

ಮರುದಿನ ದುರ್ಗೇಶನಿಗೆ ಹೇಳಿದೆ, ಕಡೆಯ ನೂರ ನಲವತ್ತು ಹಾಳೆ ನಾನು ಓದಿಲ್ಲ, ಅವರಿಗೆ ತಿಳಿಸಿ ವಾಪಸು ತರಿಸಿರಿ ಎಂದು. ಅವನು ಮೊದಲು ನಕ್ಕ, ಆಮೇಲೆ ಬೈದ, ಕೊನೆಗೆ ಬೇಡಿಕೊಂಡ. ಮೂರಕ್ಕೂ ಅದೇ ವಾಸನೆ. ಕೆಲಸದ ಸೂಚನೆಯ ಕೊನೆಯ ಪುಟದಲ್ಲಿ ಆ ದೇಶದವರ ವಿಳಾಸವಿತ್ತು. ನಾನೂ ಜನ್ನತಬಿಯೂ ಕೂತು, ನಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಮೇಲ್ ಬರೆದೆವು. ಇನ್ನೂರ ಒಂದರಿಂದ ಮುನ್ನೂರ ನಲವತ್ತರವರೆಗಿನ ಹಾಳೆಗಳಿಗೆ ಓದದೆ ಸಹಿ ಹಾಕಿದವಳು ಶಿವಲಕ್ಷ್ಮಿ, ಅವುಗಳನ್ನು ನಂಬಬೇಡಿರಿ ಎಂದು. ನನ್ನ ಹೆಸರು ಪೂರ್ತಿ ಬರೆದೆ, ಬರೀ 'ಶಿ' ಅಲ್ಲ. ಜನ್ನತಬಿಯ ಹೆಸರು ಸೇರಿಸಲಿಲ್ಲ. ಅವಳು ಓದಿರಲಿಲ್ಲ, ಸಹಿಯನ್ನೂ ಹಾಕಿರಲಿಲ್ಲ.

ಆರು ದಿನಕ್ಕೆ ಉತ್ತರ ಬಂತು. ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲವಂತೆ. ಆ ಹಾಳೆಗಳನ್ನು ತೆಗೆದಿಟ್ಟಿದ್ದಾರೆ, ಬೇರೆಯವರು ಮತ್ತೆ ಓದುತ್ತಾರಂತೆ. ಒಂದೇ ಹಾಳೆಯಲ್ಲಿ ಹನ್ನೊಂದು ತಪ್ಪು ಸಿಕ್ಕಿವೆ ಎಂದೂ ಬರೆದಿದ್ದಾರೆ. ಹನ್ನೊಂದು, ಕಾಕಾ. ಆ ಹಾಳೆಯನ್ನು ಹಿಡಿದುಕೊಂಡು ಯಾರೋ ಒಬ್ಬರು, ನಿಮ್ಮ ಹಾಗೆ ಎಡಗೈ ಊರಿ ಕೂತವರು, ನನಗೇ ಬರುತ್ತಿಲ್ಲ ಎಂದುಕೊಂಡು ಪುಸ್ತಕ ತಳ್ಳಿಬಿಡುತ್ತಿದ್ದರು.

ದುರ್ಗೇಶ ಅಂದೇ ನನ್ನನ್ನು ತೆಗೆದ. ಈಗ ಮುಂಡರಗಿಯ ಒಂದು ಸಣ್ಣ ಪ್ರೆಸ್ಸಿಗೆ ದಿನಾ ಬಸ್ಸಿನಲ್ಲಿ ಹೋಗಿ ಲಗ್ನಪತ್ರಿಕೆ ನೋಡುತ್ತೇನೆ. ಅಲ್ಲಿ ಹಸಿರು ಪೆನ್ಸಿಲ್ಲು ಎಂದರೆ ನಗುತ್ತಾರೆ. ನನ್ನದನ್ನು ನಾನೇ ಒಯ್ಯುತ್ತೇನೆ.

ಇದರ ಜೊತೆ ಐದು ಹಾಳೆ ಇವೆ. ನಮ್ಮ ಭಾಷೆಯ ಪದಗಳು, ಹಾಳೆಗೆ ಇಪ್ಪತ್ತರಂತೆ, ದೊಡ್ಡ ಅಕ್ಷರ. ಆ ದೇಶದವರ ಪುಸ್ತಕದಂತೆ, ಆದರೆ ಕೊಂಡಿಯಲ್ಲಿ ಮಾತ್ರ ಬಿಡಿಸಿ ಚುಕ್ಕಿ ಇಟ್ಟಿದ್ದೇನೆ. ಹಿತ್ತಲ·ಬಾಗಿಲು, ಜೋಳದ·ರೊಟ್ಟಿ, ಅಚ್ಚು·ಮೊಳೆ, ಕೈ·ಚೀಲ. ನಿಮ್ಮ ಕೈ, ಬಾಯಿ, ಕಣ್ಣಿಗೆ ರೂಢಿಯಿದ್ದವೇ. ಒಂದೊಂದನ್ನೂ ಮೂರು ಸಲ ಓದಿದ್ದೇನೆ. ಜನ್ನತಬಿ ಗಟ್ಟಿಯಾಗಿ ಓದಿ ಕೇಳಿಸಿದ್ದಾಳೆ. ಮೂಲೆಯಲ್ಲಿ ನನ್ನ ಸಹಿ ಇದೆ. ಪಕ್ಕದಲ್ಲಿ ಎರಡನೆಯ ಸಹಿಯ ಜಾಗ ಖಾಲಿ ಬಿಟ್ಟಿದ್ದೇನೆ. ಹಾಕಲೇಬೇಕು ಎಂದಲ್ಲ.

ಓದದೆ ಸಹಿ ಹಾಕಿದ ನಿಮ್ಮ ಕಥೆಯನ್ನು ಬಂದಾಗ ಹೇಳುತ್ತೇನೆ ಅಂದಿದ್ದಿರಿ. ಈಗ ಬಂದು ಕೇಳುವ ಮುಖ ನನಗಿಲ್ಲ.

ಶಿವಲಕ್ಷ್ಮಿ


ಶಿಗ್ಲಿ
೧೯ ಸೆಪ್ಟೆಂಬರ್

ಶಿವಲಕ್ಷ್ಮಿ

ಎಡಗೈ. ಸಾವಕಾಶ.
ಮಂಜುಳಾ ಬರದಿಲ್ಲ. ನಾನ.

ಹಾಳಿ ಐದೂ ಓದೀನಿ.
ಎಂಟ ದಿನ ಹಿಡೀತು.
ನಾಕನೇ ಹಾಳಿ. ಕೈಚೀಲ ಎರಡ ಸಲ ಐತಿ.
ಮಿರ್ಚಿ ಬಾಕಿ.

ಹೇಸಿ ಅಂದದ್ದು ನಿನಗ. ಖರೆ.
ಗಂಜಿಗೂ.

ನನ್ನ ಕತಿ ಐತಿ. ಬಾ.
ಜೊಲ್ಲ ಬರತೈತಿ. ಒರಸಕೋತ ಹೇಳತೇನಿ.
ನೋಡಬೇಕು ನೀ.

ಐದೂ ಹಾಳಿಗಿ ಸಹಿ ಹಾಕೀನಿ.
ಓದಿ ಹಾಕೀನಿ.

ಪುಂ